ಬೇರೆ ಬೆಂಚಿನ ಊಟ

ಬೆಂಗಳೂರಿನಲ್ಲಿ ಒಂದು ಹತ್ತು ಜನರನ್ನು ಮನೆಗೆ ಊಟಕ್ಕೆ ಕರೆದು ನೋಡಿ. ಒಬ್ಬರು ಈರುಳ್ಳಿ ಬೆಳ್ಳುಳ್ಳಿ ಮುಟ್ಟಲ್ಲ. ಇನ್ನೊಬ್ಬರದು ಸೋಮವಾರ ಒಪ್ಪೊತ್ತು. ಮತ್ತೊಬ್ಬರು ಮಾಲೆ ಹಾಕಿದ್ದಾರೆ, ಹೊರಗಡೆ ಕಾಫಿಯೂ ಕುಡಿಯಲ್ಲ. ಜೈನ ಸ್ನೇಹಿತರು ಬರುತ್ತಾರೆ ಅಂದರೆ ಆಲೂಗಡ್ಡೆ ಪಲ್ಯ ಕೈಬಿಡುತ್ತೇವೆ. ಏಕಾದಶಿ ದಿನ ಅತ್ತೆಗೆ ಅನ್ನ ಬೇಡ, ಅವಲಕ್ಕಿ ಆಗಬೇಕು. ಇದನ್ನೆಲ್ಲ ನಾವು ಎಷ್ಟು ಸಲೀಸಾಗಿ ನಿಭಾಯಿಸುತ್ತೇವೆ ಅಂದರೆ, ಯಾರಿಗೂ ಇದೊಂದು ತಾಪತ್ರಯ ಅಂತ ಅನ್ನಿಸುವುದೇ ಇಲ್ಲ. ಯಾಕೆ ಅಂತ ಕೇಳಲ್ಲ. ಸರ್ಟಿಫಿಕೇಟ್ ತೋರಿಸಿ ಅನ್ನಲ್ಲ. "ಸ್ವಲ್ಪ ತಿಂದ್ರೆ ಏನಾಗುತ್ತೆ" ಅಂತ ಅಂದರಂತೂ ಮರ್ಯಾದೆ ಇಲ್ಲದವರು ಅನ್ನಿಸಿಕೊಳ್ಳುತ್ತೇವೆ.

ಅದೇ ಒಂದು ಮಗು "ನಂಗೆ ಕಡಲೆಕಾಯಿ ಆಗಲ್ಲ ಆಂಟಿ" ಅಂದರೆ?

"ಅಯ್ಯೋ, ಒಂದೇ ಒಂದು ತಿನ್ನು ಪುಟ್ಟಾ. ಏನೂ ಆಗಲ್ಲ."

ನನ್ನ ಮಗಳಿಗೆ ಈಗ ಎಂಟು ವರ್ಷ, ಮೂರನೇ ಕ್ಲಾಸು. ಅವಳಿಗೆ ಕಡಲೆಕಾಯಿ ಅಲರ್ಜಿ ಇದೆ. ಶೀತ ಆಗುತ್ತೆ, ಮೈ ಕಡಿಯುತ್ತೆ ಅಂತ ನಾವು ಸುಮ್ನೆ ಬಾಯಿಮಾತಿಗೆ ಹೇಳುವ ಅಲರ್ಜಿ ಅಲ್ಲ ಇದು. ಕಡಲೆಕಾಯಿಯ ಪ್ರೋಟೀನು ಒಳಗೆ ಹೋದರೆ ದೇಹ ಅದನ್ನು ಶತ್ರು ಅಂದುಕೊಂಡು ಮೇಲೆ ಬೀಳುತ್ತದೆ. ಮೊದಲು ತುಟಿ ಊದುತ್ತದೆ, ಮೈಮೇಲೆ ದದ್ದು ಏಳುತ್ತದೆ, ವಾಂತಿ ಆಗುತ್ತದೆ. ಮುಂದುವರಿದರೆ ಗಂಟಲು ಕಟ್ಟಿ ಉಸಿರಾಟಕ್ಕೆ ಕಷ್ಟ, ಬಿಪಿ ಕುಸಿತ. ಇದಕ್ಕೆ ಅನಾಫಿಲ್ಯಾಕ್ಸಿಸ್ ಅಂತಾರೆ. ಆಗ ಕೊಡಬೇಕಾದ್ದು ಅಡ್ರಿನಾಲಿನ್ ಇಂಜೆಕ್ಷನ್, ತೊಡೆಯ ಹೊರಭಾಗದ ಮಾಂಸಕ್ಕೆ, ಅದೂ ತಡಮಾಡದೆ. ಎಲ್ಲರ ಮನೆಯಲ್ಲೂ ಇರುವ ಸಿಟ್ರಿಜಿನ್ ಮಾತ್ರೆ ತುರಿಕೆ ಇಳಿಸುತ್ತದೆ ಅಷ್ಟೇ. ಕಟ್ಟಿದ ಉಸಿರನ್ನು ಬಿಡಿಸುವುದು ಅದರಿಂದ ಆಗಲ್ಲ.

ನಮ್ಮ ಮನೆ ಇರುವುದು ಹನುಮಂತನಗರದಲ್ಲಿ. ತಮಾಷೆ ನೋಡಿ, ಕಡಲೆಕಾಯಿ ಪರಿಷೆಯ ಮಗ್ಗುಲಲ್ಲೇ ಕಡಲೆಕಾಯಿ ಆಗದ ಮಗು. ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ರಾಶಿ ರಾಶಿ ಕಡಲೆಕಾಯಿ ಬೀಳುತ್ತದೆ. ಹಿಂದೆ ಸುಂಕೇನಹಳ್ಳಿ ಕಡೆಯ ರೈತರ ಹೊಲಕ್ಕೆ ನುಗ್ಗಿ ಬೆಳೆ ಮೇಯುತ್ತಿದ್ದ ಬಸವನಿಗೆ ಮೊದಲ ಫಸಲು ಒಪ್ಪಿಸಿದ್ದು ಅಂತ ಕಥೆ. ಕಥೆ ನನಗೂ ಇಷ್ಟ, ಮಗಳಿಗೂ ಇಷ್ಟ. ಆದರೆ ಪರಿಷೆಯ ವಾರ ನಮ್ಮ ಮನೆಯಲ್ಲಿ ಎಲ್ಲರ ಮುಖವೂ ಸ್ವಲ್ಪ ಬಿಗಿಯಾಗಿರುತ್ತದೆ. ಶಾಲೆಯಲ್ಲಿ ಎಲ್ಲ ಮಕ್ಕಳ ಜೇಬಿನಲ್ಲೂ ಅದೇ, ವ್ಯಾನಿನ ಸೀಟಿನ ಸಂದಿಯಲ್ಲೂ ಅದರ ಸಿಪ್ಪೆ.

ಪರಿಷೆ ಬಿಡಿ, ಅದು ವರ್ಷಕ್ಕೊಂದು ಸಲ. ದಿನದ ಊಟದಲ್ಲೇ ಎಷ್ಟಿದೆ ಲೆಕ್ಕ ಹಾಕಿ. ಚಿತ್ರಾನ್ನ, ಪುಳಿಯೋಗರೆ, ಒಗ್ಗರಣೆ ಅವಲಕ್ಕಿ, ಇಡ್ಲಿಗೆ ಹಾಕುವ ಚಟ್ನಿ, ನಿಪ್ಪಟ್ಟು, ಚಿಕ್ಕಿ, ಬೇಕರಿಯ ಕಾಂಗ್ರೆಸ್ ಕಡಲೆಕಾಯಿ. ಪ್ಯಾಕೆಟ್ ತಿಂಡಿಯಾದರೆ 2020ರ ಲೇಬಲಿಂಗ್ ನಿಯಮದ ಪ್ರಕಾರ ಕಡಲೆಕಾಯಿ ಇದ್ದರೆ ಅದನ್ನು ಅಲರ್ಜಿ ಸೂಚನೆಯಾಗಿ ಬರೆಯಲೇಬೇಕು. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕೆಜಿ ಲೆಕ್ಕದಲ್ಲಿ ಕಟ್ಟಿಕೊಡುವ ಕೋಡುಬಳೆಗೆ ಯಾವ ಲೇಬಲ್ಲು? ಈಗ ಇನ್ನೊಂದು ಶುರುವಾಗಿದೆ, ಮರದ ಗಾಣದ ಎಣ್ಣೆ. ಪೂರ್ತಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಹೆಚ್ಚುಕಡಿಮೆ ಉಳಿದಿರುವುದಿಲ್ಲ. ಗಾಣದ ಎಣ್ಣೆಯಲ್ಲಿ ಉಳಿದಿರುತ್ತದೆ. ಬೀದಿಗೊಂದು ಗಾಣದ ಅಂಗಡಿ ಬಂದು ಊರಿನವರ ಆರೋಗ್ಯ ಎಷ್ಟು ಸುಧಾರಿಸಿತೋ ನನಗೆ ಗೊತ್ತಿಲ್ಲ, "ಒಗ್ಗರಣೆಗೆ ಯಾವ ಎಣ್ಣೆ?" ಅಂತ ಹೋದಲ್ಲೆಲ್ಲ ಕೇಳಿ ಬೈಸಿಕೊಳ್ಳುವುದು ಮಾತ್ರ ನಮ್ಮ ಪಾಲಿಗೆ ಬಂತು.

ಇದೆಲ್ಲ ನಮ್ಮ ಕೆಲಸ, ಮಾಡಿಕೊಳ್ಳುತ್ತೇವೆ. ನಾನು ಇಲ್ಲಿ ಹೇಳಬೇಕು ಅಂದುಕೊಂಡಿದ್ದು ಆ ಬೆಂಚಿನ ವಿಷಯ.

ಮಗಳ ಕ್ಲಾಸಿನಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಇವಳೊಬ್ಬಳು ಕಿಟಕಿ ಪಕ್ಕದ ಬೆಂಚಿಗೆ ಹೋಗಿ ಕೂರಬೇಕು. ಶಾಲೆಯವರು ಕೆಟ್ಟವರಲ್ಲ. ದಾಖಲಾತಿ ಸಮಯದಲ್ಲಿ ನಾವು ಕೊಟ್ಟ ಡಾಕ್ಟರ್ ಚೀಟಿ ನೋಡಿ ಹೆದರಿದರು, ಏನಾದರೂ ಆದರೆ ತಮ್ಮ ತಲೆಗೆ ಬರುತ್ತೆ ಅಂತ ಯೋಚಿಸಿದರು, ಪಾಪ ಮಗುವಿಗೆ ತೊಂದರೆ ಆಗಬಾರದು ಅಂತಲೂ ಯೋಚಿಸಿದರು, ಎಲ್ಲ ಸೇರಿ ಸುಲಭಕ್ಕೆ ಹೊಳೆದದ್ದು ಈ ಬೆಂಚು. ಮಕ್ಕಳು ಅದಕ್ಕೆ ಆಗಲೇ ಹೆಸರಿಟ್ಟಿದ್ದಾರೆ, ಅಲರ್ಜಿ ಬೆಂಚು. ಯಾರಾದರೂ ತಪ್ಪಿ ಕೂತರೆ "ಏಯ್, ಅಲ್ಲಿ ಕೂತ್ರೆ ನಿಂಗೂ ಬರುತ್ತೆ" ಅಂತ ಕೂಗುತ್ತಾರಂತೆ.

ಅಷ್ಟು ಮಾಡಿ ಬೆಂಚಿನಿಂದ ಏನಾದರೂ ಉಪಯೋಗ ಇದೆಯಾ ಅಂದರೆ, ಅಷ್ಟಕ್ಕಷ್ಟೇ. ಹಲವು ದೇಶಗಳ ತಜ್ಞರು ಸೇರಿ 2021ರಲ್ಲಿ ಶಾಲೆಗಳಿಗಂತಲೇ ಆಹಾರ ಅಲರ್ಜಿಯ ಮಾರ್ಗಸೂಚಿ ಕೊಟ್ಟರು. ಪುರಾವೆ ಗಟ್ಟಿಯಾಗಿಲ್ಲ ಅಂತ ಅವರೇ ಒಪ್ಪಿಕೊಂಡು ಹೇಳಿದ್ದು ಇಷ್ಟು: ಇಡೀ ಶಾಲೆಗೇ ಒಂದು ಪದಾರ್ಥ ನಿಷೇಧಿಸುವುದು, ಬೇರೆ ಮೇಜು ಹಾಕುವುದು, ಇವನ್ನು ನೆಚ್ಚಿಕೊಳ್ಳುವುದಕ್ಕಿಂತ ಟೀಚರುಗಳಿಗೆ ತರಬೇತಿ ಕೊಡಿ, ಪ್ರತಿ ಮಗುವಿಗೂ ತುರ್ತಿಗೆ ಏನು ಮಾಡಬೇಕು ಅಂತ ಬರೆದಿಡಿ, ಅಡ್ರಿನಾಲಿನ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಪಕ್ಕದವಳ ಡಬ್ಬಿಯಲ್ಲಿ ಚಿತ್ರಾನ್ನ ಇದ್ದರೆ ಅದರ ವಾಸನೆಗೇ ನನ್ನ ಮಗಳಿಗೆ ಏನಾದರೂ ಆಗುವ ಸಾಧ್ಯತೆ ತೀರಾ ಕಡಿಮೆ. ಅಪಾಯ ಇರುವುದು ಅದು ಬಾಯಿಗೆ ಹೋದಾಗ. ಅದಕ್ಕೆ ಬೇಕಾದ್ದು ಡಬ್ಬಿ ಹಂಚಿಕೊಳ್ಳದಿರುವುದು, ತಿಂದಾದ ಮೇಲೆ ಸೋಪು ಹಾಕಿ ಕೈ ತೊಳೆಯುವುದು. ಸೋಪೇ ಯಾಕೆ ಅಂದರೆ, ಅಮೆರಿಕದಲ್ಲಿ ಕೈಗೆ ಕಡಲೆಕಾಯಿ ಬೆಣ್ಣೆ ಸವರಿ ಒಂದು ಸಣ್ಣ ಪ್ರಯೋಗ ಮಾಡಿ 2004ರಲ್ಲಿ ಪ್ರಕಟಿಸಿದ್ದರು. ಸೋಪಿನಲ್ಲಿ ತೊಳೆದ ಕೈಯಲ್ಲಿ ಪ್ರೋಟೀನು ಸಿಗಲಿಲ್ಲ. ಬರೀ ನೀರಲ್ಲಿ ತೊಳೆದ, ಸ್ಯಾನಿಟೈಸರ್ ಹಚ್ಚಿದ ಎಷ್ಟೋ ಕೈಗಳಲ್ಲಿ ಇನ್ನೂ ಉಳಿದಿತ್ತು. ನಮ್ಮ ಶಾಲೆಯ ಪ್ರತಿ ಕ್ಲಾಸಿನಲ್ಲೂ ಕೋವಿಡ್ ಕಾಲದಿಂದ ಸ್ಯಾನಿಟೈಸರ್ ಬಾಟಲಿ ಇದೆ. ಸಿಂಕಿನ ಹತ್ತಿರ ಸೋಪಿಲ್ಲ.

ನನಗೆ ಈ ಬೆಂಚು ಯಾಕೆ ಇಷ್ಟು ಚುಚ್ಚುತ್ತೆ ಅಂದರೆ, ಬೇರೆ ಕೂರಿಸಿ ಊಟಕ್ಕೆ ಹಾಕುವುದು ನಮ್ಮ ನೆಲದಲ್ಲಿ ಸುಮ್ನೆ ಒಂದು ವ್ಯವಸ್ಥೆ ಆಗಿರಲಿಲ್ಲ ಯಾವತ್ತೂ. ಬೇರೆ ಪಂಕ್ತಿ, ಬೇರೆ ಲೋಟ, ಹೊರಗಿನ ಜಗುಲಿ. ನಮ್ಮಜ್ಜನ ಊರಿನಲ್ಲಿ ಯಾರು ಎಲ್ಲಿ ಕೂರಬೇಕು ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಕೂರುವವರಿಗೇ ಗೊತ್ತಿರುತ್ತಿತ್ತು. ಆ ಅವಮಾನವನ್ನೂ ನನ್ನ ಮಗಳ ಬೆಂಚನ್ನೂ ಒಂದೇ ತಕ್ಕಡಿಯಲ್ಲಿ ತೂಗುವಷ್ಟು ತಿಳಿಗೇಡಿ ನಾನಲ್ಲ. ಅಲ್ಲಿ ತಲೆಮಾರುಗಳ ಕ್ರೌರ್ಯ ಇತ್ತು, ಇಲ್ಲಿ ಇರುವುದು ಭಯ. ಆದರೆ ಜೊತೆಗೆ ಊಟ ಮಾಡಬಾರದವರು ಅಂತ ಒಂದು ಗುಂಪು ಇರುತ್ತೆ ಅಂತ ಉಳಿದ ಮಕ್ಕಳು ಕಲಿಯುವುದು ಈ ವಯಸ್ಸಿನಲ್ಲೇ, ಇಂಥ ಕಡೆಯೇ. ಅವರಿಗೆ ಕಾರಣ ನೆನಪಿರಲ್ಲ. ಬೆಂಚು ನೆನಪಿರುತ್ತೆ.

ಇನ್ನೊಂದು ಸಂಗತಿ. ಇಂಥ ಮಕ್ಕಳು ನಮ್ಮಲ್ಲಿ ಕಡಿಮೆ. ಯುರೋಪ್ರಿವಾಲ್ ಅನ್ನುವ ಅಂತರರಾಷ್ಟ್ರೀಯ ಅಧ್ಯಯನದ ಭಾಗವಾಗಿ ಬೆಂಗಳೂರು, ಮೈಸೂರು ಕಡೆಯ ಶಾಲಾ ಮಕ್ಕಳನ್ನು ನೋಡಿದಾಗ ಆಹಾರ ಅಲರ್ಜಿ ಇರಬಹುದಾದವರು ಶೇ. 0.14ರಷ್ಟು. ಅಂದರೆ ಸಾವಿರಕ್ಕೆ ಒಬ್ಬರೋ ಇಬ್ಬರೋ. ಅಮೆರಿಕದಲ್ಲಿ ಇದು ಸುಮಾರು 13 ಮಕ್ಕಳಿಗೆ ಒಬ್ಬರು ಅನ್ನುತ್ತಾರೆ. ಕಡಿಮೆ ಇರುವುದು ಒಳ್ಳೆಯದೇ, ಸಂತೋಷ. ಆದರೆ ಆ ಒಂದು ಮಗುವಿನ ಕಡೆಯಿಂದ ನೋಡಿ. ಅಲ್ಲಿ ಕ್ಲಾಸಿನಲ್ಲಿ ಇನ್ನೊಬ್ಬರಾದರೂ ಜೊತೆಗಿರುತ್ತಾರೆ. ಇಲ್ಲಿ ಇಡೀ ಶಾಲೆಗೆ ನೀನೊಬ್ಬಳೇ. ಟೀಚರಿಗೂ ನೀನೇ ಮೊದಲು, ಆಯಾಗೂ ನೀನೇ ಮೊದಲು, "ನಮ್ ಕಾಲ್ದಲ್ಲಿ ಇವೆಲ್ಲ ಇರ್ಲೇ ಇಲ್ಲಪ್ಪ" ಅನ್ನುವ ನೆಂಟರಿಗಂತೂ ನೀನೇ ಮೊದಲು.

ಕ್ಲಾಸಿನ ವಾಟ್ಸಾಪ್ ಗ್ರೂಪಿನ ಹೆಸರು 'ಮಮ್ಮೀಸ್'. ಅದರಲ್ಲಿ ಅಪ್ಪಂದಿರು ನಾವು ಬೆರಳೆಣಿಕೆ ಜನ, ಮಾತಾಡುವುದು ಕಡಿಮೆ. ಒಂದು ದಿನ ಯಾರೋ ಒಬ್ಬರು ಕೇಳಿದರು, "ಒಂದು ಮಗುವಿಗೋಸ್ಕರ ನಲವತ್ತು ಮಕ್ಕಳು ಯಾಕೆ ಚಿತ್ರಾನ್ನ ಬಿಡ್ಬೇಕು?" ಕೇಳಿದ್ದು ತಪ್ಪಲ್ಲ. ಬೆಳಿಗ್ಗೆ ಏಳು ಗಂಟೆಗೆ ವ್ಯಾನು ಬರುವುದರೊಳಗೆ ಡಬ್ಬಿ ಕಟ್ಟುವ ಕಷ್ಟ ನನಗೂ ಗೊತ್ತು. ಚಿತ್ರಾನ್ನ ಇಲ್ಲದಿದ್ದರೆ ಈ ಊರಿನ ಅರ್ಧ ಮಕ್ಕಳು ಉಪವಾಸ. ಬಿಡಿ ಅಂತ ನಾವು ಕೇಳಿಯೇ ಇರಲಿಲ್ಲ. ಹಂಚಿಕೊಳ್ಳಬೇಡಿ, ಕೈ ತೊಳೆಸಿ ಅಂತಷ್ಟೇ ಕೇಳಿದ್ದು. ಆದರೆ ಇಂಥ ಪ್ರಶ್ನೆ ಗ್ರೂಪಿನಲ್ಲೇ ಉಳಿಯಲ್ಲ. ಅಡುಗೆಮನೆಯಲ್ಲಿ ಅಮ್ಮ ಗೊಣಗಿದ್ದು ಮಗುವಿನ ಕಿವಿಗೆ ಬೀಳುತ್ತೆ, ಮಾರನೇ ದಿನ ಕ್ಲಾಸಿನಲ್ಲಿ "ನಿನ್ನಿಂದ ನಮ್ಗೆ ಚಿಕ್ಕಿ ಇಲ್ಲ" ಅಂತ ಹೊರಗೆ ಬರುತ್ತೆ.

ಮಕ್ಕಳ ಆಟ ಅಂತ ಬಿಟ್ಟುಬಿಡೋಣ ಅಂದರೆ ಭಯ ಆಗುತ್ತೆ. 2017ರಲ್ಲಿ ಲಂಡನ್ನಿನ ಶಾಲೆಯೊಂದರಲ್ಲಿ ಹಾಲಿನ ಅಲರ್ಜಿ ಇದ್ದ 13 ವರ್ಷದ ಹುಡುಗನ ಮೇಲೆ ಇನ್ನೊಬ್ಬ ಹುಡುಗ ಒಂದು ಚೂರು ಚೀಸ್ ಎಸೆದ. ಕುತ್ತಿಗೆಗೆ ತಾಗಿತು. ಹುಡುಗ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಮೈಗೆ ತಾಗಿದ್ದಕ್ಕೇ ಹೀಗಾಗುವುದು ಅತಿ ಅಪರೂಪ ಅಂತ ವೈದ್ಯರೂ ಹೇಳಿದರು. ಶಾಲೆಯಲ್ಲಿದ್ದ ಅವನ ಅಡ್ರಿನಾಲಿನ್ ಇಂಜೆಕ್ಷನ್ ಪೆನ್ನಿನ ಅವಧಿ ಮುಗಿದಿತ್ತು ಅನ್ನುವುದೂ ವಿಚಾರಣೆಯಲ್ಲಿ ಹೊರಬಂತು. ಎಸೆದ ಹುಡುಗನಿಗೆ ಇದರಿಂದ ಸಾವು ಬರಬಹುದು ಅಂತ ಗೊತ್ತಿರಲಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಆ ಎರಡನೇ ಹುಡುಗನೇ. ಯಾರೂ ಅವನಿಗೆ ಸರಿಯಾಗಿ ಹೇಳಿರಲಿಲ್ಲ, ಅಲ್ವಾ? ಅವನ ಅಪ್ಪ ಅಮ್ಮನ ಜಾಗದಲ್ಲಿ ನಿಮ್ಮನ್ನು ಇಟ್ಟುಕೊಂಡು ನೋಡಿ. ನನ್ನ ಜಾಗಕ್ಕಿಂತ ಅದೇ ಕಷ್ಟದ ಜಾಗ.

ಮಕ್ಕಳು ಇದನ್ನೆಲ್ಲ ಮನೆಗೆ ಬಂದು ಹೇಳುತ್ತಾರೆ ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ಇಂಥ 251 ಕುಟುಂಬಗಳನ್ನು ಮಾತಾಡಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಇದೆ. ಅಲರ್ಜಿಯ ಕಾರಣಕ್ಕೆ ತಮ್ಮನ್ನು ಪೀಡಿಸಿದ್ದಾರೆ ಅಂತ ಹೇಳಿದ ಮಕ್ಕಳು ಸುಮಾರು ಮೂರಕ್ಕೆ ಒಬ್ಬರು. ಪೀಡನೆಗೆ ಒಳಗಾದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳ ವಿಷಯ ಮನೆಯವರಿಗೆ ತಿಳಿದೇ ಇರಲಿಲ್ಲ. ತಿಳಿದಿದ್ದ ಮನೆಗಳ ಮಕ್ಕಳು ಸ್ವಲ್ಪ ಮೇಲಿದ್ದರು. ಓದಿದಾಗ ನಮ್ಮ ಮನೆಯ ಸಂಕ್ರಾಂತಿ ನೆನಪಾಯಿತು. ಹಬ್ಬದ ಹಿಂದಿನ ದಿನ ಶಾಲೆಯಲ್ಲಿ ಎಲ್ಲರೂ ರೇಷ್ಮೆ ಲಂಗ ಹಾಕಿಕೊಂಡು ಎಳ್ಳು ಬೆಲ್ಲ ಹಂಚುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಅದರ ಜೊತೆ ಹುರಿದ ಕಡಲೆಕಾಯಿ. ಮಗಳು ಸಂಜೆ ಬಂದವಳು "ಚೆನ್ನಾಗಿತ್ತು" ಅಂದಳು. ಆಮೇಲೆ ಎಷ್ಟೋ ದಿನಕ್ಕೆ, ವ್ಯಾನಿನ ಹುಡುಗನೊಬ್ಬ ಮಾತಿನ ಮಧ್ಯೆ ಹೇಳಿದ, ಅವತ್ತು ಇವಳನ್ನು ಲೈಬ್ರರಿಯಲ್ಲಿ ಕೂರಿಸಿದ್ದರಂತೆ. ಹೊಸ ಲಂಗ ಹಾಕಿಕೊಂಡು, ಆಯಾ ಜೊತೆ, ಹಂಚಿ ಮುಗಿಯುವ ತನಕ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಅಮ್ಮ ಅಳ್ತಾರೆ, ನೀನು ಸ್ಕೂಲಿಗೆ ಬಂದು ಜೋರಾಗಿ ಮಾತಾಡ್ತೀಯ" ಅಂದಳು. ಎರಡೂ ನಿಜ.

ಕಡಲೆಕಾಯಿ ಇಲ್ಲದ ಎಳ್ಳು ಬೆಲ್ಲವೂ ಎಳ್ಳು ಬೆಲ್ಲವೇ. ಅವತ್ತೊಂದು ದಿನ ಅದೊಂದನ್ನು ಬಿಟ್ಟು ಕಲಸಿದ್ದರೆ ಲೈಬ್ರರಿಗೆ ಹೋಗುವ ಮಾತೇ ಇರಲಿಲ್ಲ. ಒಳ್ಳೆ ಮಾತಾಡು ಅಂತ ಹಂಚುವ ಹಬ್ಬ ಬೇರೆ.

ಅನುಕಂಪ ನಮ್ಮ ಊರಿನಲ್ಲಿ ಜಾಸ್ತಿಯೇ ಇದೆ. "ಅಯ್ಯೋ ಪಾಪ", "ಬಸುರಿಯಲ್ಲಿದ್ದಾಗ ಏನ್ ತಿಂದಿದ್ರು?", "ನಮ್ಮ ಕಡೆ ಒಬ್ರು ನಾಟಿ ಔಷಧಿ ಕೊಡ್ತಾರೆ". ನನ್ನ ಹೆಂಡತಿಗೆ ಇದನ್ನು ಕೇಳಿ ಕೇಳಿ ಸಾಕಾಗಿದೆ. ಅಲರ್ಜಿಯ ಅಪಾಯ ಹೆಚ್ಚಿರುವ ಮಕ್ಕಳಿಗೆ ಕಡಲೆಕಾಯಿ ತಡವಾಗಿ ಕೊಡಿ, ಮೂರು ವರ್ಷದ ತನಕ ಬೇಡ ಅಂತ 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳಿತ್ತು, 2008ರಲ್ಲಿ ಅದನ್ನು ಕೈಬಿಟ್ಟಿತು. ಲಂಡನ್ನಿನಲ್ಲಿ 640 ಹಸುಗೂಸುಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಪೂರ್ತಿ ಉಲ್ಟಾ ಹೇಳಿತು, ಅಂಥ ಮಕ್ಕಳಿಗೆ ಬೇಗ ಕೊಟ್ಟರೇ ಅಲರ್ಜಿ ಕಡಿಮೆ ಅಂತ. ದೊಡ್ಡ ದೊಡ್ಡ ತಜ್ಞರೇ ಹೀಗೆ ಮಗ್ಗುಲು ಬದಲಿಸಿರುವಾಗ ಒಬ್ಬ ತಾಯಿಯನ್ನು ನಿಲ್ಲಿಸಿ ಏನು ತಿಂದೆ ಅಂತ ಕೇಳುವುದರಲ್ಲಿ ಏನಿದೆ?

ನಿಜವಾಗಿ ಬೇಕಾದ್ದು ಏನು ಅಂತ ನಮಗೆ ತೋರಿಸಿದವರು ಅನನ್ಯ ಮಮ್ಮಿ. ಅವರ ಸ್ವಂತ ಹೆಸರು ನನ್ನ ಫೋನಿನಲ್ಲಿ ಇವತ್ತಿಗೂ ಇಲ್ಲ, ಹಾಗಂತಲೇ ಸೇವ್ ಆಗಿದೆ. ತಮ್ಮ ಮಗಳ ಬರ್ತ್‌ಡೇಗೆ ಕರೆದಿದ್ದರು. ಸಾಮಾನ್ಯವಾಗಿ ಕರೆಯುವವರು "ಬರ್ತಾಳಾ? ಅವಳಿಗೆ ಬೇರೆ ಏನಾದ್ರೂ ಡಬ್ಬೀಲಿ ಕಳಿಸ್ತೀರಾ?" ಅಂತಾರೆ. ಇವರು ಹಿಂದಿನ ರಾತ್ರಿ ಒಂದಷ್ಟು ಫೋಟೊ ಕಳಿಸಿದರು. ಚಿಪ್ಸ್ ಪ್ಯಾಕೆಟ್ಟಿನ ಹಿಂಭಾಗ. ಜ್ಯೂಸ್ ಡಬ್ಬದ ಹಿಂಭಾಗ. ಕೇಕಿಗೆ ತಂದ ಮೈದಾ, ಚಾಕೊಲೇಟ್ ಪುಡಿ, ಎಲ್ಲದರ ಹಿಂಭಾಗ, ಅಕ್ಷರ ಕಾಣುವ ಹಾಗೆ ಟ್ಯೂಬ್‌ಲೈಟ್ ಕೆಳಗೆ ಹಿಡಿದು. ಕೊನೆಗೊಂದು ಸಾಲು: "ಪಲಾವ್ ಸನ್‌ಫ್ಲವರ್ ಎಣ್ಣೆಯಲ್ಲಿ, ಹೊಸ ಪ್ಯಾಕೆಟ್ ಒಡೆದಿದೀನಿ. ಒಂದ್ಸಲ ನೋಡ್ಬಿಡಿ ಸರ್." ಪಾಪ ಅನ್ನಲಿಲ್ಲ. ಅವತ್ತು ನನ್ನ ಮಗಳು ಎಲ್ಲರ ಜೊತೆ ನೆಲದ ಮೇಲೆ ಕೂತು ಎಲ್ಲರ ತಟ್ಟೆಯಲ್ಲಿದ್ದದ್ದನ್ನೇ ತಿಂದಳು. ಮನೆಗೆ ಬರುವಾಗ ಸ್ಕೂಟರಿನ ಹಿಂದೆ ಕೂತು ಕೇಕಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ಯಾರೋ ಬಲೂನಿಗೆ ಸೂಜಿ ಚುಚ್ಚಿದ ಕಥೆಯನ್ನೇ ಹೇಳಿದಳು. ಊಟದ ಸುದ್ದಿಯೇ ಇಲ್ಲದ ಒಂದು ಬರ್ತ್‌ಡೇ ಅವಳ ಪಾಲಿಗೆ ಅದೇ ಮೊದಲು ಇರಬೇಕು.

ನಮಗಾದರೂ ಪ್ಯಾಕೆಟ್ ತಿರುಗಿಸಿ ಓದುವ, ಗ್ರೂಪಿನಲ್ಲಿ ಬರೆಯುವ, ಡಾಕ್ಟರ್ ಚೀಟಿ ತರುವ ಅನುಕೂಲ ಇದೆ. ಸರ್ಕಾರಿ ಶಾಲೆಯ ಮಗುವನ್ನು ಯೋಚಿಸಿ. 2013ರಿಂದ ಕ್ಷೀರಭಾಗ್ಯದ ಹಾಲಿದೆ, ಬಿಸಿಯೂಟ ಇದೆ, ಮೊಟ್ಟೆ ಇದೆ. ಇವು ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸುವ ಯೋಜನೆಗಳು, ಅದರ ಬಗ್ಗೆ ಎರಡು ಮಾತಿಲ್ಲ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಕಡಲೆಕಾಯಿ ಚಿಕ್ಕಿ ಅಂತ ಮಾಡಿದ್ದರು, ಚಿಕ್ಕಿಯನ್ನು 2025ರಲ್ಲಿ ನಿಲ್ಲಿಸಿದರು. ತಿನ್ನದವರು ಅಂದಾಗ ಎಲ್ಲರ ಕಣ್ಣಮುಂದೆ ಇದ್ದದ್ದು ಮನೆಯ ಪದ್ಧತಿ. ಅದರ ಮೇಲೆ ಎಷ್ಟು ವಾದ, ಎಷ್ಟು ಟಿವಿ ಚರ್ಚೆ! ಮೈಗೇ ಒಗ್ಗದ ಮಗುವಿನ ಮಾತು ಅದರಲ್ಲಿ ನನ್ನ ಕಿವಿಗಂತೂ ಬೀಳಲಿಲ್ಲ. ಹಾಲು ಕುಡಿದರೆ ವಾಂತಿ ಮಾಡುವ ಹುಡುಗನನ್ನು ನಾಟಕ ಮಾಡ್ತಾನೆ ಅಂತ ಗದರಿಸಿ ಕುಡಿಸುವ ಕಡೆ ಅವನ ಪರವಾಗಿ ಕೇಳುವವರು ಯಾರು?

ಈಗ ಮನೆಯಲ್ಲಿ ನಡೆಯುತ್ತಿರುವುದು ಮೈಸೂರು ಟ್ರಿಪ್ಪಿನ ಗಲಾಟೆ. ಒಂದು ದಿನದ ಪ್ರವಾಸ, ಶ್ರೀರಂಗಪಟ್ಟಣ ನೋಡಿಕೊಂಡು ಝೂಗೆ. ಶಾಲೆಯವರು "ನೀವು ಜೊತೆಗೆ ಬರೋದಾದ್ರೆ ಮಾತ್ರ" ಅಂದರು. ಅವರ ನರ್ಸ್ ಇಂಜೆಕ್ಷನ್ ಕೊಡಲು ಒಪ್ಪಲ್ಲ. ಒತ್ತಿದರೆ ತಾನೇ ಚುಚ್ಚುವ ಪೆನ್ನು ನಮ್ಮ ಮೆಡಿಕಲ್ ಶಾಪುಗಳಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ನಮ್ಮ ಹತ್ತಿರ ಇರುವುದು ಡಾಕ್ಟರ್ ಬರೆದುಕೊಟ್ಟ ಔಷಧಿಯ ಪುಟ್ಟ ಗಾಜಿನ ಸೀಸೆ (ಆಂಪ್ಯೂಲು), ಸಿರಿಂಜು, ಎಷ್ಟು ಎಳೆಯಬೇಕು ಅಂತ ಗುರುತು ಮಾಡಿದ ಒಂದು ಚೀಟಿ. ಇಲ್ಲಿ ನಮ್ಮ ಏರಿಯಾದಲ್ಲೇ ಸಂಜೆ ಟ್ರಾಫಿಕ್ಕಿನಲ್ಲಿ ಆಂಬುಲೆನ್ಸ್ ಬರುವ ಹೊತ್ತು ನೆನೆಸಿಕೊಂಡರೆ, ಹೈವೇಯಲ್ಲಿ ಆ ಇಂಜೆಕ್ಷನ್ ಡಬ್ಬಿ ಇಲ್ಲದೆ ಅವಳನ್ನು ಕಳಿಸುವ ಮಾತೇ ಇಲ್ಲ. ನಾನು ರಜೆ ಹಾಕಿ ಬರ್ತೀನಿ ಅಂದೆ. ಮಗಳು ಊಟ ಬಿಟ್ಟಳು. "ಯಾರ ಅಪ್ಪನೂ ಬರಲ್ಲ. ನೀನ್ ಬಂದ್ರೆ ಬಸ್ಸಲ್ಲೂ ನಂದೇ ಬೇರೆ ಸೀಟು."

ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ನಾನು ಬಸ್ಸಿನಲ್ಲಿ ಇದ್ದರೆ ನಾನೇ ಆ ಬೆಂಚು.

ಇದನ್ನು ಗ್ರೂಪಿಗೆ ಹಾಕಿರಲಿಲ್ಲ, ಮಕ್ಕಳ ಮೂಲಕವೇ ಸುದ್ದಿ ಹೋಗಿದೆ. ಟ್ರಿಪ್ಪಿಗೆ ಇಬ್ಬರು ತಾಯಂದಿರು ಸಹಾಯಕ್ಕೆ ಹೋಗುವುದಿತ್ತು, ಅದರಲ್ಲಿ ಅನನ್ಯ ಮಮ್ಮಿಯೂ ಒಬ್ಬರು. ಭಾನುವಾರ ಮನೆಗೆ ಬಂದರು. "ನಂಗೆ ಹೇಳ್ಕೊಡಿ ಸರ್, ನಾನೇ ಇಟ್ಕೋತೀನಿ" ಅಂದರು. ಡಾಕ್ಟರಿಗೆ ಫೋನ್ ಮಾಡಿ ಅವರನ್ನೂ ಮಾತಾಡಿಸಿದೆವು. ಆಮೇಲೆ ಖಾಲಿ ಸಿರಿಂಜಿಗೆ ನೀರು ತುಂಬಿ, ಮೂಸಂಬಿ ಮೇಲೆ ಅಭ್ಯಾಸ. ಮೊದಲ ಸಲ ಅವರ ಕೈ ನಡುಗಿ ನೀರೆಲ್ಲ ಸೋಫಾ ಮೇಲೆ ಚೆಲ್ಲಿತು. ನನ್ನ ಮಗಳು ಪಕ್ಕದಲ್ಲೇ ಕೂತು, ಸೊಂಟದ ಮೇಲೆ ಕೈ ಇಟ್ಟುಕೊಂಡು, ಟೀಚರ್ ಥರ ನೋಡುತ್ತಿದ್ದಳು.

"ಹಾಗಲ್ಲ ಆಂಟಿ, ಓರೆಯಾಗಿ ಬೇಡ, ನೇರ ಚುಚ್ಬೇಕು. ಇನ್ನೊಂದ್ಸಲ ಮಾಡಿ."

ಮೂಸಂಬಿ ಸಾಲದೆ ಹೋಗಿ ಅಂಗಡಿಯಿಂದ ಮತ್ತೆ ತರಿಸಬೇಕಾಯಿತು. ಟ್ರಿಪ್ಪಿನ ಒಪ್ಪಿಗೆ ಪತ್ರ ಶುಕ್ರವಾರದೊಳಗೆ ಕೊಡಬೇಕು. ಪೋಷಕರು ಜೊತೆಗೆ ಬರುತ್ತಾರೆಯೇ ಅನ್ನುವ ಕಡೆ "ಇಲ್ಲ" ಅಂತ ಬರೆದು, ಅನನ್ಯ ಮಮ್ಮಿಯ ನಂಬರ್ ಹಾಕಿದ್ದೇನೆ. ಶಾಲೆ ಏನನ್ನುತ್ತೋ ನೋಡಬೇಕು.